ಎಸ್ಟಿ ಹೆಣ್ಮಗಳ ಕೇಸು ಠಾಣೆ ಮುಟ್ಟೋ ಮೊದ್ಲೇ ಯಾಕೆ ಸೋಲುತ್ತೆ

2025ರಲ್ಲಿ ರಾಜ್ಯ ಸರ್ಕಾರ ಎಸ್ಸಿ ಎಸ್ಟಿ ದೌರ್ಜನ್ಯದ ಕೇಸುಗಳಿಗೆ ಅಂತಾನೇ 33 ವಿಶೇಷ ಪೊಲೀಸ್ ಠಾಣೆ ಮಾಡ್ತು, ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಅಂದ್ರೆ ಡಿಸಿಆರ್‌ಇ ಕೈಕೆಳಗೆ, ಹೆಚ್ಚುಕಮ್ಮಿ ಜಿಲ್ಲೆಗೊಂದು. ಸುದ್ದಿ ಕೇಳಿ ಖುಷಿ ಪಟ್ಟೋರು ಬಾಳ ಮಂದಿ, ಆದ್ರೆ ಬಳ್ಳಾರಿ, ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಅದರ ಬೆನ್ನಿಗೇ ಗೊಂದಲಾನೂ ಬಂತು. ಇನ್ಮೇಲೆ ಊರಿನ ಠಾಣೆಲಿ ಕಂಪ್ಲೇಂಟ್ ತಗೊಳಲ್ವಾ? ಹೆಣ್ಮಗಳ ಮೇಲೆ ಕೈ ಮಾಡಿದ ಕೇಸಾದ್ರೆ ಮಹಿಳಾ ಠಾಣೆಗೆ ಹೋಗ್ಬೇಕಾ, ಡಿಸಿಆರ್‌ಇಗೆ ಬರ್ಬೇಕಾ? ದೇವದುರ್ಗದ ಒಂದು ತಾಂಡಾನೋ ದೊಡ್ಡಿನೋ ಬಿಟ್ಟು ರಾಯಚೂರು ತನಕ ಬಸ್ ಹತ್ತಿ ಬಂದ್ರೇನೇ ಕೇಸು ಆಗೋದಾ?

ಇಷ್ಟಕ್ಕೆ ಉತ್ತರ ಸುಲಭ. ಯಾವ ಠಾಣೆಗೆ ಹೋದ್ರೂ ದೂರು ಬರ್ಕೊಳ್ಳಲೇಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಘಟನೆ ಯಾವ ಠಾಣೆ ಗಡಿಲಿ ಆಗಿದ್ರೂ ಸರಿ, ಹೋದ ಠಾಣೆಲೇ ಎಫ್ಐಆರ್ ಆಗ್ಬೇಕು, ಅದಕ್ಕೆ ಝೀರೋ ಎಫ್ಐಆರ್ ಅಂತಾರೆ, ಆಮೇಲೆ ಅದು ಸಂಬಂಧಪಟ್ಟ ಠಾಣೆಗೆ ಹೋಗುತ್ತೆ. ಕಂಪ್ಲೇಂಟ್ ತಗೊಳಲ್ಲ ಅಂದ್ರೆ ಅಂಚೆಲಿ ಎಸ್ಪಿಗೆ ಕಳಿಸ್ಬಹುದು, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಇದಾರೆ.

ಕಷ್ಟದ ಪ್ರಶ್ನೆ ಬೇರೆ ಇದೆ. ಇಷ್ಟೆಲ್ಲಾ ಕಾನೂನು, ಠಾಣೆ, ಕೋರ್ಟು ಇದ್ದೂ ಬುಡಕಟ್ಟು ಹೆಣ್ಮಕ್ಳ ಮೇಲಿನ ದೌರ್ಜನ್ಯದ ಕೇಸುಗಳು ಯಾಕೆ ನಿಲ್ಲಲ್ಲ? ಇದನ್ನ ತಿಳ್ಕೋಬೇಕಂದ್ರೆ ಠಾಣೆಯಿಂದ ಶುರು ಮಾಡಿದ್ರೆ ಆಗಲ್ಲ, ಹೊಲದಿಂದ ಶುರು ಮಾಡ್ಬೇಕು.

ಬುಡಕಟ್ಟು ಅಂದ್ರೆ ಈ ಕಡೆ ಯಾರು

ಬುಡಕಟ್ಟು ಅಂದ ಕೂಡ್ಲೇ ಎಲ್ರಿಗೂ ಕಣ್ಮುಂದೆ ಬರೋದು ಕೊಡಗು, ಎಚ್.ಡಿ.ಕೋಟೆ ಕಡೆ ಕಾಡು, ಹಾಡಿ. ಈ ಮೂರು ಜಿಲ್ಲೆಲಿ ಹಂಗಿಲ್ಲ. ಇಲ್ಲಿ ಪರಿಶಿಷ್ಟ ಪಂಗಡ ಅಂದ್ರೆ ಬಹುಪಾಲು ವಾಲ್ಮೀಕಿ ನಾಯಕರು, ಬೇಡರು ಅಂತಾನೂ ಕರೀತಾರೆ, ಜೊತೆಗೆ ಬುಟ್ಟಿ ಹೆಣೆಯೋ ಮೇದರಂಥ ಸಣ್ಣ ಸಮುದಾಯಗಳು. ಬಯಲುಸೀಮೆ ಮಂದಿ, ಕಾಡಿಲ್ಲ, ಊರೊಳಗೆ ಒಂದು ಓಣಿ. 2011ರ ಜನಗಣತಿಲಿ ರಾಜ್ಯದಲ್ಲಿ ನೂರಕ್ಕೆ 7 ಮಂದಿ ಎಸ್ಟಿ ಇದ್ರೆ ರಾಯಚೂರಲ್ಲಿ ನೂರಕ್ಕೆ 19, ಆಗಿನ್ನೂ ವಿಜಯನಗರ ಸೇರ್ಕೊಂಡಿದ್ದ ಬಳ್ಳಾರಿಲಿ 18, ಕೊಪ್ಪಳದಲ್ಲಿ ಸುಮಾರು 12 ಇದ್ರು.

ರಾಜಕೀಯದ ಲೆಕ್ಕ ನೋಡಿದ್ರೆ ಇನ್ನೂ ಜೋರು. ಬಳ್ಳಾರಿ, ರಾಯಚೂರು ಎರಡೂ ಲೋಕಸಭಾ ಕ್ಷೇತ್ರ ಎಸ್ಟಿ ಮೀಸಲು. ರಾಜ್ಯದ 15 ಎಸ್ಟಿ ಮೀಸಲು ವಿಧಾನಸಭಾ ಕ್ಷೇತ್ರದಲ್ಲಿ ಎಂಟು ಈ ಎರಡೇ ಜಿಲ್ಲೆಲಿ ಇದಾವೆ, ಬಳ್ಳಾರಿ ಗ್ರಾಮಾಂತರ, ಸಂಡೂರು, ಸಿರುಗುಪ್ಪ, ಕಂಪ್ಲಿ, ಆ ಕಡೆ ರಾಯಚೂರು ಗ್ರಾಮಾಂತರ, ಮಾನ್ವಿ, ದೇವದುರ್ಗ, ಮಸ್ಕಿ. ಇದನ್ನ ತೋರ್ಸಿಯೇ ಕೆಲವರು ಕೇಳ್ತಾರೆ, "ಎಂಎಲ್ಎ ಅವ್ರೇ, ಎಂಪಿ ಅವ್ರೇ, ಇನ್ನ ಅವ್ರ ಹೆಣ್ಮಕ್ಕಳಿಗೆ ಯಾರು ಏನ್ ಮಾಡ್ತಾರ?" ಅಂತ. ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ವಿಧಾನಸೌಧದಲ್ಲಿ ಕುಂತ ನಾಯಕರಿಗೂ ಬೆಳಗ್ಗೆ ಟಂಟಂ ಹತ್ತಿ ನಾಟಿಗೆ ಹೋಗೋ ನಾಯಕರ ಹೆಣ್ಮಗಳಿಗೂ ಜಾತಿ ಸರ್ಟಿಫಿಕೇಟ್ ಒಂದೇ ಇರ್ಬಹುದು, ಬದುಕು ಒಂದಲ್ಲ. ಮೀಸಲು ಕ್ಷೇತ್ರ ಅಂದ್ರೆ ಅಭ್ಯರ್ಥಿ ಎಸ್ಟಿ ಇರ್ಬೇಕು ಅಷ್ಟೇ, ಅವ್ರಿಗೆ ವೋಟು ಎಲ್ಲಾ ಜಾತಿಯೋರೂ ಹಾಕ್ತಾರೆ, ಊರಲ್ಲಿ ವೋಟು ಹಾಕ್ಸೋರು ಜಮೀನು ಇದ್ದೋರು. ಹಂಗಾಗಿ ಕೂಲಿ ಹೆಣ್ಮಗಳ ಕೇಸಲ್ಲಿ ಜಮೀನ್ದಾರನ ವಿರುದ್ಧ ಬಾಯಿ ಬಿಡೋಕೆ ಅದೇ ಜಾತಿ ಲೀಡರ್ ಕೂಡ ಹತ್ತು ಸಲ ಯೋಚನೆ ಮಾಡ್ತಾರೆ.

ಹಂಗು

ದೌರ್ಜನ್ಯ ಅಂದ್ರೆ ಕತ್ತಲಲ್ಲಿ ಯಾರೋ ಗುರುತಿಲ್ಲದವನು ಬಂದು ಮಾಡೋದು ಅನ್ನೋ ಕಲ್ಪನೆ ಬಾಳ ಮಂದಿಗಿದೆ. ಅಂಥವೂ ಆಗ್ತಾವೆ, ಅವು ಟಿವಿಲಿ ಬರ್ತಾವೆ, ಪೊಲೀಸರೂ ಓಡಾಡಿ ಹಿಡೀತಾರೆ. 2025ರ ಮಾರ್ಚಲ್ಲಿ ಗಂಗಾವತಿ ತಾಲೂಕಿನ ಸಾಣಾಪುರದ ಹತ್ರ ವಿದೇಶಿ ಪ್ರವಾಸಿ ಮೇಲೂ ಹೋಂಸ್ಟೇ ನಡೆಸೋ ಹೆಣ್ಮಗಳ ಮೇಲೂ ಅತ್ಯಾಚಾರ ಆದಾಗ ಕೆಲವೇ ದಿನದಲ್ಲಿ ಬಂಧನ ಆಯ್ತು, ಅಂದ್ರೆ ವ್ಯವಸ್ಥೆಗೆ ಮನಸ್ಸು ಮಾಡಿದ್ರೆ ಕೈಲಾಗುತ್ತೆ. ಕೂಲಿ ಹೆಣ್ಮಗಳ ವಿಷ್ಯದಲ್ಲಿ ಮಾತ್ರ ಆರೋಪಿ ಬಹಳಷ್ಟು ಸಲ ಗುರುತಿನವನೇ, ದಿನಾ ಕಾಣೋನೇ, ಅವನ ಹಂಗಲ್ಲೇ ಅವಳ ಮನೆ ನಡೀತಿರುತ್ತೆ.

ಈ ಹಂಗು ಹೆಂಗೆ ಕಟ್ಕೊಳುತ್ತೆ ಅಂತ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆ ಕೆಳಗಿನ ಸಿಂಧನೂರು, ಮಾನ್ವಿ, ಗಂಗಾವತಿ ಕಡೆ ಭತ್ತದ ನಾಟಿ ಗುತ್ತಿಗೆ ಲೆಕ್ಕದಲ್ಲಿ ನಡೀತದೆ, ಎಕರೆಗೆ ಇಷ್ಟು ಅಂತ. ಗುಂಪು ಕಟ್ಟೋನು ಮೇಸ್ತ್ರಿ. ಅವನ ಹತ್ರ ಮುಂಗಡ ತಗೊಂಡಿರ್ತಾರೆ, ಮಗಳ ಹೆರಿಗೆಗೋ ಗಂಡನ ಆಸ್ಪತ್ರೆಗೋ. ಮುಂಗಡ ತೀರೋ ತನಕ ಬೇರೆ ಗುಂಪಿಗೆ ಹೋಗಂಗಿಲ್ಲ. ತಾಯಿಗೆ ಜ್ವರ ಬಂದ್ರೆ ಮಗಳು ಹೋಗ್ಬೇಕು, ಸ್ಕೂಲು ಬಿಟ್ಟು. ಹೊಲದ ಬದುವಲ್ಲಿ ಎಮ್ಮೆಗೆ ಹುಲ್ಲು ಕೊಯ್ಯೋಕೂ ಹೊಲದವನ ಒಪ್ಪಿಗೆ ಬೇಕು. ಕುಡಿಯೋ ನೀರು ಊರಲ್ಲಿ ಬರದಿದ್ರೆ ಅವನ ಬೋರಿಗೇ ಕೊಡ ಹಿಡ್ಕೊಂಡು ಹೋಗ್ಬೇಕು. ಒಂದೇ ಮನುಷ್ಯನ ಕೈಲಿ ಕೂಲಿ, ಸಾಲ, ಹುಲ್ಲು, ನೀರು ನಾಲ್ಕೂ ಇದ್ದಾಗ ಅವನು ಬದುವಿನ ಮೇಲೆ ನಿಂತು ಆಡೋ ಒಂದು ಹೊಲಸು ಮಾತಿಗೆ ಎದುರು ಮಾತಾಡೋದು ಅಂದ್ರೆ ನಾಲ್ಕನ್ನೂ ಕಳ್ಕೊಳ್ಳೋದು. ಮಾತಿಗೆ ಎದುರು ಬರ್ಲಿಲ್ಲ ಅಂದ್ರೆ ಮುಂದಿನ ಸಲ ಕೈ ಬರುತ್ತೆ. ಕೈಗೂ ಎದುರು ಬರ್ಲಿಲ್ಲ ಅಂದ್ರೆ ಅದರ ಮುಂದಿಂದು. ದೊಡ್ಡ ಅಪರಾಧ ಆಗೋ ಮುಂಚೆ ಇಂಥ ಸಣ್ಣವು ಎಷ್ಟೋ ಆಗಿರ್ತಾವೆ, ಅವನ್ನ ಯಾರೂ ಎಲ್ಲೂ ಬರ್ದಿಟ್ಟಿರಲ್ಲ.

ಇನ್ನೊಂದು ರೂಪ ಪ್ರೀತಿ ಹೆಸರಲ್ಲಿ ಬರುತ್ತೆ. ಮದ್ವೆ ಆಗ್ತೀನಿ ಅಂತ ನಂಬಿಸೋದು, ಹುಡುಗಿ ಬಸುರಿ ಆದ್ಮೇಲೆ "ನಮ್ಮ ಮನ್ಯಾಗ ನಿಮ್ಮ ಜಾತಿ ಒಪ್ಪಲ್ಲ" ಅನ್ನೋದು. ಸಂಬಂಧ ಬೆಳೆಸೋವಾಗ ಅಡ್ಡ ಬರದ ಜಾತಿ ತಾಳಿ ಕಟ್ಟೋವಾಗ ಅಡ್ಡ ಬರುತ್ತೆ, ಇದನ್ನ ಈ ಭಾಗದ ಯಾವ ವಕೀಲರನ್ನ ಕೇಳಿದ್ರೂ ಹೇಳ್ತಾರೆ. ದೇವದಾಸಿ ಪದ್ಧತಿಲೂ ಬಡತನ, ಜಾತಿ ಎರಡೂ ಸೇರ್ಕೊಂಡೇ ಕೆಲ್ಸ ಮಾಡಿದ್ದು, 1982ರಲ್ಲೇ ನಿಷೇಧದ ಕಾಯ್ದೆ ಬಂದ್ರೂ 1993-94 ಮತ್ತು 2007-08ರ ಎರಡು ಸರ್ವೇಲಿ ಒಟ್ಟು 46 ಸಾವಿರಕ್ಕೂ ಮೇಲೆ ದೇವದಾಸಿಯರು ಸಿಕ್ರು, ಅದರಲ್ಲಿ ದಲಿತ ಹೆಣ್ಮಕ್ಳು ಹೆಚ್ಚು, ನಾಯಕರ ಹೆಣ್ಮಕ್ಳೂ ಇದಾರೆ, ಈ ಮೂರು ಜಿಲ್ಲೆನೂ ಅದರಲ್ಲಿದಾವೆ. 2025ರಲ್ಲಿ ಹೊಸ ಕಾಯ್ದೆಗೆ ಶಾಸನಸಭೆ ಒಪ್ಪಿಗೆ ಕೊಟ್ಟು ಮಕ್ಕಳ ಹಕ್ಕನ್ನೂ ಅದರಲ್ಲಿ ಸೇರಿಸ್ತು, ಅದು ಬೇರೆನೇ ಬರೆಯೋ ಅಷ್ಟು ದೊಡ್ಡ ವಿಷ್ಯ.

ನೀರಾವರಿ ನಿಂತ್ರೆ ಹಂಗು ಇನ್ನೂ ಬಿಗಿ ಆಗುತ್ತೆ. 2024ರ ಆಗಸ್ಟಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯ್ತು, ಆಮೇಲೆ ಗೇಟುಗಳನ್ನ ಬದಲಾಯಿಸೋ ಕೆಲ್ಸಕ್ಕಂತ 2025ರ ಕೊನೆಲಿ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನ ಆಯ್ತು. ರೈತರ ನಷ್ಟದ ಬಗ್ಗೆ ಚರ್ಚೆ ಆಗಿದ್ದು ಸರಿನೇ, ಆದ್ರೆ ಎರಡನೇ ಬೆಳೆ ಇಲ್ಲ ಅಂದ್ರೆ ಎರಡನೇ ನಾಟಿನೂ ಇಲ್ಲ, ನಾಟಿ ಇಲ್ಲ ಅಂದ್ರೆ ಮುಂಗಡ ತೀರಲ್ಲ, ಮುಂಗಡ ತೀರದಿದ್ರೆ ಗುಳೆ ಹೋಗ್ಬೇಕು, ಇಲ್ಲಾ ಅದೇ ಮನುಷ್ಯನ ಹತ್ರ ಇನ್ನಷ್ಟು ಸಾಲ ಮಾಡ್ಬೇಕು. ಕಾಲುವೆ ನೀರಿಗೂ ಹೆಣ್ಮಗಳ ಸುರಕ್ಷತೆಗೂ ಸಂಬಂಧ ಇದೆ ಅಂತ ಯಾವ ಸಭೆಲೂ ಯಾರೂ ಹೇಳಲ್ಲ.

"ಜಾತಿ ನಿಂದನೆ" ಅನ್ನೋ ಹೆಸರೇ ದಾರಿ ತಪ್ಪಿಸುತ್ತೆ

1989ರ ಎಸ್ಸಿ ಎಸ್ಟಿ ದೌರ್ಜನ್ಯ ತಡೆ ಕಾಯ್ದೆಗೆ ಊರಲ್ಲಿರೋ ಹೆಸರು ಜಾತಿ ನಿಂದನೆ ಕೇಸು. ಈ ಹೆಸರಿಂದ ಆಗಿರೋ ಹಾನಿ ಸಣ್ಣದಲ್ಲ. "ಅವ ಜಾತಿ ಹೆಸರು ಹಿಡ್ದು ಬೈದಾನೇನು? ಇಲ್ಲಂದ್ರ ಅಟ್ರಾಸಿಟಿ ಹೆಂಗ ಆಗ್ತದ?" ಅಂತ ಕೇಳಿ ವಾಪಸ್ ಕಳ್ಸೋದು ಮಾಮೂಲು. ಕಾಯ್ದೆಲಿ ಬೈಗುಳ ಅನ್ನೋದು ಹತ್ತಾರು ಅಪರಾಧದಲ್ಲಿ ಒಂದು ಮಾತ್ರ. ಎಸ್ಸಿ ಎಸ್ಟಿ ಹೆಣ್ಮಗಳನ್ನ ಅವಳ ಒಪ್ಪಿಗೆ ಇಲ್ಲದೆ ಲೈಂಗಿಕ ಉದ್ದೇಶದಿಂದ ಮುಟ್ಟೋದು, ಅಂಥ ಮಾತು, ಸನ್ನೆ ಮಾಡೋದು ಕೂಡ 3ನೇ ಸೆಕ್ಷನ್ ಕೆಳಗೆ ಅಪರಾಧ, ಅಲ್ಲಿ ಜಾತಿ ಹೆಸರು ಬಾಯಿಂದ ಬರ್ಬೇಕಂತಿಲ್ಲ. ದೇವದಾಸಿ ಬಿಡೋದೂ ಅದೇ ಸೆಕ್ಷನ್‌ನಲ್ಲಿ ಬರುತ್ತೆ. ಇವು 2015ರ ತಿದ್ದುಪಡಿಲಿ ಸೇರಿ 2016ರ ಜನವರಿ 26ರಿಂದ ಜಾರಿಗೆ ಬಂದಂಥವು.

ಆ ತಿದ್ದುಪಡಿಲಿ ಇನ್ನೊಂದು ಬದಲಾವಣೆ ಆಯ್ತು, ಬಾಳ ಮಂದಿಗೆ ಗೊತ್ತಾಗ್ಲಿಲ್ಲ. ಅತ್ಯಾಚಾರದಂಥ ಹತ್ತು ವರ್ಷ ಮೇಲ್ಪಟ್ಟು ಶಿಕ್ಷೆ ಇರೋ ಅಪರಾಧಕ್ಕೆ ಈ ಕಾಯ್ದೆಲಿ ಜೀವಾವಧಿ ಇದೆ. ಮುಂಚೆ ಅದಕ್ಕೆ "ಆಕೆ ಎಸ್ಸಿ ಎಸ್ಟಿ ಅನ್ನೋ ಕಾರಣಕ್ಕೇ" ಮಾಡಿದಾನೆ ಅಂತ ಸಾಬೀತು ಮಾಡ್ಬೇಕಿತ್ತು. ಒಬ್ಬ ಗಂಡಸು ಅತ್ಯಾಚಾರ ಮಾಡೋವಾಗ ಅವನ ತಲೇಲಿ ಜಾತಿ ಇತ್ತಾ ಕಾಮ ಇತ್ತಾ ಅಂತ ಸಾಕ್ಷಿ ಎಲ್ಲಿಂದ ತರೋದು? 2021ರ ಏಪ್ರಿಲಲ್ಲಿ ಸುಪ್ರೀಂ ಕೋರ್ಟ್ ಪಾಟನ್ ಜಮಾಲ್ ವಲಿ ಕೇಸಲ್ಲಿ ಇದೇ ಕಷ್ಟಕ್ಕೆ ಸಿಕ್ತು. ಆಂಧ್ರದ ಹುಟ್ಟು ಕುರುಡಿ, ಪರಿಶಿಷ್ಟ ಜಾತಿ ಹೆಣ್ಮಗಳು. ಜಾತಿ, ಹೆಣ್ತನ, ಕಣ್ಣಿಲ್ಲದ್ದು ಮೂರೂ ಒಟ್ಟಿಗೇ ಆಕೆ ಮೇಲೆ ಬಿದ್ದಿದಾವೆ, ಬಿಡಿ ಬಿಡಿಯಾಗಿ ನೋಡೋಕಾಗಲ್ಲ ಅಂತ ಕೋರ್ಟ್ ಉದ್ದಕ್ಕೆ ಬರೀತು, ಅತ್ಯಾಚಾರದ ಶಿಕ್ಷೆ ಎತ್ತಿ ಹಿಡೀತು. ಆದ್ರೆ ಘಟನೆ ಹಳೇ ಕಾಯ್ದೆ ಇದ್ದಾಗಿಂದು, ಜಾತಿ ಕಾರಣಕ್ಕೇ ಅನ್ನೋ ಪುರಾವೆ ಇಲ್ಲ ಅಂತ ದೌರ್ಜನ್ಯ ಕಾಯ್ದೆಯ ಶಿಕ್ಷೆ ಕೈಬಿಡ್ತು. ಈಗ ಆಕೆ ಎಸ್ಸಿ ಎಸ್ಟಿ ಅಂತ "ಗೊತ್ತಿದ್ದು" ಮಾಡಿದ್ರೆ ಸಾಕು, ಅಷ್ಟೇ ಅಲ್ಲ, ಆರೋಪಿಗೆ ಆಕೆದೋ ಆಕೆ ಮನೆಯವರದೋ ಪರಿಚಯ ಇದ್ರೆ ಜಾತಿ ಗೊತ್ತಿತ್ತು ಅಂತಾನೇ ಕೋರ್ಟ್ ತಿಳ್ಕೋಬೇಕು. ಮುನ್ನೂರು ಮನೆ ಊರಲ್ಲಿ ನಾಯಕರ ಓಣಿ ಯಾವುದು ಅಂತ ಗೊತ್ತಿಲ್ಲದವರು ಯಾರಿದಾರೆ.

ಆರೋಪಿ ಯಾರು ಅನ್ನೋದ್ರ ಮೇಲೆ ಕಾನೂನು ಬದಲಾಗುತ್ತೆ

ಗೊಂದಲ ಜಾಸ್ತಿ ಇರೋ ಜಾಗ ಇದು. ದೌರ್ಜನ್ಯ ಕಾಯ್ದೆ ಬರೋದು ಆರೋಪಿ ಎಸ್ಸಿನೂ ಅಲ್ಲದೆ ಎಸ್ಟಿನೂ ಅಲ್ಲದೆ ಇದ್ದಾಗ ಮಾತ್ರ. ನಾಯಕರ ಹೆಣ್ಮಗಳ ಮೇಲೆ ಕೈ ಮಾಡಿದವನು ಎಸ್ಸಿ ಆಗಿದ್ರೆ ಬರಲ್ಲ, ನಾಯಕರವನೇ ಲಂಬಾಣಿ ಹೆಣ್ಮಗಳ ಮೇಲೆ ಮಾಡಿದ್ರೂ ಬರಲ್ಲ, ಯಾಕಂದ್ರೆ ಕರ್ನಾಟಕದಲ್ಲಿ ಲಂಬಾಣಿಗಳು ಎಸ್ಸಿ. ಹಂಗಂತ ಕೇಸೇ ಇಲ್ಲ ಅಂತಲ್ಲ. ಭಾರತೀಯ ನ್ಯಾಯ ಸಂಹಿತೆ ಎಲ್ರಿಗೂ ಇದೆ, ಹುಡುಗಿಗೆ 18 ಆಗಿರದಿದ್ರೆ ಪೋಕ್ಸೋ ಇದೆ, ಕೂಲಿ ಜಾಗದಲ್ಲಿ ಆಗಿದ್ರೆ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಇದೆ. "ಅಟ್ರಾಸಿಟಿ ಆಗಲ್ಲ" ಅನ್ನೋ ಮಾತನ್ನ "ಕೇಸೇ ಆಗಲ್ಲ" ಅಂತ ತಿಳ್ಕೊಂಡು ಮನೆಗೆ ಹೋಗೋರು ಇದಾರೆ, ಹಂಗೆ ತಿಳ್ಕೊಳ್ಳಲಿ ಅಂತಾನೇ ಹೇಳೋರೂ ಇದಾರೆ.

ಮನೆ ಒಳಗಿನ ಹೊಡೆತ ಬಡಿತ ಈ ಲೆಕ್ಕಕ್ಕೇ ಬರಲ್ಲ. ಎಸ್ಟಿ ಹೆಣ್ಮಗಳಿಗೆ ಗಂಡನಿಂದ ಆಗೋ ಹಿಂಸೆಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, ಆದ್ರೆ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಅಂದ್ರೆ ಎನ್‌ಸಿಆರ್‌ಬಿ ಪಟ್ಟಿಲಿ "ಎಸ್ಟಿ ಮೇಲಿನ ಅಪರಾಧ" ಅಂತ ಬರೋ ಸಂಖ್ಯೆಲಿ ಆಕೆ ಕಾಣಲ್ಲ. ಸಮುದಾಯದ ಮುಖಂಡರು ಹೊರಗಿನವನು ಮುಟ್ಟಿದ್ರೆ ರಸ್ತೆಗೆ ಇಳೀತಾರೆ, ಒಳಗಿನವನು ಕೈ ಮುರಿದ್ರೆ ಮನೆ ಮಾತು ಅಂತಾರೆ. ಈ ಎರಡು ಅಳತೆ ಇರೋ ತನಕ ಹೆಣ್ಮಗಳ ನೋವಿಗಿಂತ ಜಾತಿ ಮರ್ಯಾದೆನೇ ಮುಂದಾಗಿರುತ್ತೆ, ಇದನ್ನ ಸಮುದಾಯದ ಒಳಗಿನವರೇ ಬಿಡಿಸಿ ಮಾತಾಡ್ಬೇಕು.

ಮೊದಲ ನಾಲ್ಕು ದಿನ

ಮಾನ್ವಿ ತಾಲೂಕಿನ ಒಂದು ಊರು ಅಂತ ಇಟ್ಕೊಳ್ಳಿ. ಹತ್ತಿ ಬಿಡಿಸೋಕೆ ಹೋದ ಹೆಣ್ಮಗಳು ಸಂಜೆ ಮನೆಗೆ ಬರ್ತಾಳೆ, ಅವ್ವನ ಹತ್ರ ಮಾತ್ರ ಹೇಳ್ತಾಳೆ. ಅವ್ವ ಮೊದ್ಲು ಮಾಡೋದು ನೀರು ಕಾಸೋದು. ಮಗಳ ಮೈ ತೊಳೆದು, ಸೀರೆ ಒಗೆದು ಹಿತ್ತಲಲ್ಲಿ ಹಾಕ್ತಾಳೆ. ಅದು ಪ್ರೀತಿ, ಬೇರೆ ಏನು ಮಾಡ್ಬೇಕಂತ ಆಕೆಗೆ ಯಾರೂ ಹೇಳಿಲ್ಲ. ಆದ್ರೆ ಸಾಕ್ಷಿ ಅಲ್ಲೇ ಹೋಯ್ತು. ಬಟ್ಟೆ ಒಗೆಯದೆ, ಒದ್ದೆ ಇದ್ರೆ ನೆರಳಲ್ಲಿ ಒಣಗಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕದೆ ಕಾಗದದಲ್ಲಿ ಸುತ್ತಿ ಇಡ್ಬೇಕು ಅನ್ನೋ ಇಷ್ಟು ಸಣ್ಣ ಮಾತು ಅಂಗನವಾಡಿ ಗೋಡೆ ಮೇಲೆ ಇದ್ದಿದ್ರೆ ಎಷ್ಟು ಕೇಸು ಉಳೀತಿದ್ವೋ.

ರಾತ್ರಿ ಅಪ್ಪನಿಗೆ ಗೊತ್ತಾಗುತ್ತೆ. ಬೆಳಗ್ಗೆ ಹಿರೇರು ಕಟ್ಟೆ ಮೇಲೆ ಕೂಡ್ತಾರೆ. ಹೊಲದವನ ಕಡೆಯವರು ಬರ್ತಾರೆ, "ಹುಡುಗಂದು ತಪ್ಪಾಗ್ಯದ, ನಾಕು ಮಂದ್ಯಾಗ ಯಾಕ ಮಾನ ಕಳ್ಕೊಂತೀರಿ, ಮಗಳ ಮದ್ವಿ ಮಾಡ್ಬೇಕಲ್ಲ" ಅಂತಾರೆ. ರೊಕ್ಕದ ಮಾತು ಬರುತ್ತೆ. ಹಳೇ ಮುಂಗಡ ಬಿಟ್ಬಿಡ್ತೀವಿ ಅಂತಾರೆ. ಎರಡನೇ ದಿನ, ಮೂರನೇ ದಿನ ಇದರಲ್ಲೇ ಹೋಗುತ್ತೆ. ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿ ಪ್ರಕಾರ ಮೈಮೇಲಿನ ಸಾಕ್ಷಿ ತಗೊಳ್ಳೋಕೆ ಇರೋದು 96 ತಾಸು, ಅಂದ್ರೆ ನಾಲ್ಕು ದಿನ. ರಾಜಿ ಮಾತುಕತೆಗೂ ಹೆಚ್ಚುಕಮ್ಮಿ ಅಷ್ಟೇ ದಿನ ಹಿಡಿಯುತ್ತೆ. ರಾಜಿ ಮುರಿದು ಬಿದ್ದು ಐದನೇ ದಿನ ಠಾಣೆಗೆ ಹೋದ್ರೆ ಆರೋಪಿ ವಕೀಲರ ಮೊದಲ ಪ್ರಶ್ನೆ ಏನು, "ಐದು ದಿನ ಏನ್ ಮಾಡ್ತಿದ್ರಿ?"

ಅತ್ಯಾಚಾರದ ಕೇಸನ್ನ ಕಟ್ಟೆ ಮೇಲೆ ತೀರಿಸೋ ಅಧಿಕಾರ ಯಾವ ಪಂಚಾಯ್ತಿಗೂ ಇಲ್ಲ. ಆಸ್ಪತ್ರೆಗೆ ಹೋಗೋಕೆ ಎಫ್ಐಆರ್ ಬೇಕಿಲ್ಲ, ಸರ್ಕಾರಿ ಇರ್ಲಿ ಖಾಸಗಿ ಇರ್ಲಿ ಮೊದಲು ಪುಕ್ಕಟೆ ಚಿಕಿತ್ಸೆ ಕೊಡ್ಬೇಕು, ಆಮೇಲೆ ಪೊಲೀಸರಿಗೆ ತಿಳಿಸ್ಬೇಕು, ಕೊಡಲ್ಲ ಅಂದ್ರೆ ಅದೇ ಒಂದು ಅಪರಾಧ. ಹೆಣ್ಮಗಳಿಗೆ ಮುಂಚೆ ಲೈಂಗಿಕ ಸಂಬಂಧ ಇತ್ತಾ ಅಂತ ನೋಡೋಕೆ ಮಾಡ್ತಿದ್ದ ಎರಡು ಬೆರಳಿನ ಪರೀಕ್ಷೆ ಮಾಡ್ಲೇಬಾರ್ದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಖಡಕ್ಕಾಗಿ ಹೇಳಿದೆ.

ಇನ್ನ ಠಾಣೆ. ಹೆಣ್ಮಗಳು ಹೇಳೋದು ತನ್ನ ಮಾತಲ್ಲಿ, "ಬಾಯಿ ಒತ್ತಿ ಹಿಡ್ದ, ಮೈಮ್ಯಾಲ ಬಂದ, ಒಲ್ಲೆ ಅಂತ ಒದರಿದೆ". ಬರ್ಕೊಳ್ಳೋರು ಬರೆಯೋದು ಠಾಣೆ ಕನ್ನಡದಲ್ಲಿ, "ಅವಾಚ್ಯ ಶಬ್ದಗಳಿಂದ ಬೈದು, ಕೈ ಹಿಡಿದು ಎಳೆದಾಡಿ, ಮಾನಭಂಗಕ್ಕೆ ಯತ್ನಿಸಿ". ಮೈಮೇಲೆ ಬಂದದ್ದು ಎಳೆದಾಟ ಆಗೋಯ್ತು, ಅತ್ಯಾಚಾರ ಅನ್ನೋದು ಬರೀ ಯತ್ನ ಆಗೋಯ್ತು. ಓದಿ ಹೇಳಿದ್ರೂ ಆ ಭಾಷೆ ಆಕೆಗೆ ತಿಳಿಯಲ್ಲ, ಹೆಬ್ಬೆಟ್ಟು ಒತ್ತಿ ಬರ್ತಾಳೆ. ಆರು ತಿಂಗಳೋ ಮೂರು ವರ್ಷವೋ ಆದ್ಮೇಲೆ ಕೋರ್ಟಲ್ಲಿ ಇದ್ದದ್ದು ಇದ್ದಂಗೆ ಹೇಳಿದ್ರೆ "ದೂರಲ್ಲಿ ಇದು ಇಲ್ವಲ್ಲ, ಈಗ ಸೇರಿಸ್ತಿದೀಯ" ಅಂತಾರೆ. ಅತ್ಯಾಚಾರದ ದೂರನ್ನ ಮಹಿಳಾ ಅಧಿಕಾರಿ ಬರ್ಕೊಳ್ಬೇಕು, ಹೇಳಿಕೆಯನ್ನ ಆಕೆ ಮನೆಲೋ ಆಕೆ ಹೇಳಿದ ಜಾಗದಲ್ಲೋ ತಗೋಬೇಕು ಅಂತ ಕಾನೂನಲ್ಲಿದೆ. ಆಕೆ ಆಡಿದ ಮಾತನ್ನ ಆಡಿದ ಹಂಗೇ ಬರೆಯೋದು ಇದೆಲ್ಲಕ್ಕಿಂತ ಮುಖ್ಯ, ಅದಕ್ಕೆ ಹೊಸ ಠಾಣೆನೂ ಬೇಕಿಲ್ಲ, ಹೊಸ ಸೆಕ್ಷನ್ನೂ ಬೇಕಿಲ್ಲ.

ಠಾಣೆ ಅಂದ್ರೆ ಭಯ ಯಾಕೆ ಅನ್ನೋದಕ್ಕೂ ಇತಿಹಾಸ ಇದೆ. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆ ಒಳಗೇ ಮಥುರಾ ಅನ್ನೋ ಆದಿವಾಸಿ ಹುಡುಗಿ ಮೇಲೆ ಅತ್ಯಾಚಾರ ಆಗಿದ್ದು, 1978ರಲ್ಲಿ ಸುಪ್ರೀಂ ಕೋರ್ಟ್ ಮೈಮೇಲೆ ಗಾಯ ಇಲ್ಲ ಅಂತ ಪೊಲೀಸರನ್ನ ಬಿಡ್ತು, ದೇಶ ತುಂಬ ಸಿಟ್ಟು ಎದ್ದು 1983ರಲ್ಲಿ ಅತ್ಯಾಚಾರದ ಕಾನೂನೇ ತಿದ್ದುಪಡಿ ಆಯ್ತು. ತಮಿಳುನಾಡಿನ ವಾಚಾತಿಲಿ 1992ರ ಜೂನಲ್ಲಿ ಅರಣ್ಯ ಇಲಾಖೆ, ಪೊಲೀಸು ಮಂದಿ ದಾಳಿ ಮಾಡ್ದಾಗ 18 ಬುಡಕಟ್ಟು ಹೆಣ್ಮಕ್ಳ ಮೇಲೆ ಅತ್ಯಾಚಾರ ಆಯ್ತು, ಹೈಕೋರ್ಟ್ ಶಿಕ್ಷೆ ಎತ್ತಿ ಹಿಡಿದದ್ದು 2023ರಲ್ಲಿ. 31 ವರ್ಷ.

ದುರುಪಯೋಗ ಅನ್ನೋ ವಾದ

ಈ ಕಾಯ್ದೆ ದುರುಪಯೋಗ ಆಗ್ತಿದೆ, ಅದಕ್ಕೇ ಇಷ್ಟೊಂದು ಖುಲಾಸೆ ಅನ್ನೋದು ಒಂದು ಕಡೆಯ ವಾದ. 2018ರ ಮಾರ್ಚಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ದಾಟೀಲಿ ಎಫ್ಐಆರ್ ಮುಂಚೆ ವಿಚಾರಣೆ ಮಾಡಿ, ಬಂಧನಕ್ಕೆ ಮೇಲಿನವರ ಅನುಮತಿ ತಗೊಳ್ಳಿ ಅಂತ ಆದೇಶ ಮಾಡಿತ್ತು. ಏಪ್ರಿಲ್ 2ಕ್ಕೆ ಭಾರತ್ ಬಂದ್ ಆಯ್ತು, ಆ ವರ್ಷವೇ ಸಂಸತ್ತು 18ಎ ಸೆಕ್ಷನ್ ಸೇರಿಸಿ ಅದನ್ನ ಅಳಿಸ್ತು, 2019ರಲ್ಲಿ ಕೋರ್ಟೇ ತನ್ನ ನಿರ್ದೇಶನ ವಾಪಸ್ ತಗೊಂಡ್ತು, 2020ರ ಫೆಬ್ರವರಿಲಿ 18ಎ ಸರಿ ಅಂತ ತೀರ್ಪೂ ಬಂತು. ಹಂಗಾಗಿ ಇವತ್ತು "ವಿಚಾರಣೆ ಮಾಡಿ ಆಮೇಲೆ ಎಫ್ಐಆರ್ ಮಾಡ್ತೀವಿ" ಅನ್ನೋ ಮಾತಿಗೆ ಕಾನೂನಿನ ಬಲ ಇಲ್ಲ.

ಸುಳ್ಳು ಕೇಸು ಇಲ್ವೇ ಇಲ್ಲ ಅಂತ ಹೇಳೋದು ಪ್ರಾಮಾಣಿಕ ಆಗಲ್ಲ. ಜಮೀನು ಜಗಳದಲ್ಲಿ, ಪಂಚಾಯ್ತಿ ಎಲೆಕ್ಷನ್ ದ್ವೇಷದಲ್ಲಿ ಕೂಲಿ ಹೆಣ್ಮಗಳನ್ನ ಮುಂದೆ ಬಿಟ್ಟು ಕೇಸು ಹಾಕ್ಸೋರು ಇದಾರೆ. ಆದ್ರೆ ಹಾಕ್ಸಿದವನು ಯಾರು ಅಂತ ನೋಡಿದ್ರೆ ಅವನೂ ಇನ್ನೊಬ್ಬ ಹೊಲದವನೇ, ಆಕೆ ಅವನ ಹಂಗಲ್ಲಿ ಇರೋಳೇ. ಕೇಸು ಹಾಕ್ಸೋದಕ್ಕೂ ಕೇಸು ಬಿಡಿಸೋದಕ್ಕೂ ಒಂದೇ ಹಗ್ಗ ಎಳೀತಾರೆ. ಇನ್ನ ಖುಲಾಸೆ ಅಂದ್ರೆ ಸುಳ್ಳು ಅಂತಲ್ಲ, ಸಾಕ್ಷಿ ತಿರುಗಿ ಬಿತ್ತು ಅಂತಾನೂ ಆಗ್ಬಹುದು, ತನಿಖೆನ ಡಿವೈಎಸ್ಪಿ ದರ್ಜೆಗಿಂತ ಕೆಳಗಿನವರು ಮಾಡಿದ್ರು ಅನ್ನೋ ತಾಂತ್ರಿಕ ಕಾರಣಕ್ಕೂ ಆಗ್ಬಹುದು.

ಅಂಕಿ ಓದೋವಾಗಲೂ ಹುಷಾರಿರ್ಬೇಕು. ಎನ್‌ಸಿಆರ್‌ಬಿ ಪ್ರಕಾರ ದೇಶದಲ್ಲಿ ಎಸ್ಟಿ ಮೇಲಿನ ಅಪರಾಧದ ಕೇಸು 2022ರಲ್ಲಿ 10,064, 2023ರಲ್ಲಿ 12,960. ಈ ಏರಿಕೆ ಬಹುಪಾಲು ಮಣಿಪುರದ ಗಲಭೆಯಿಂದ ಬಂದದ್ದು. ಒಂದು ಜಿಲ್ಲೇಲಿ ಕೇಸು ಕಮ್ಮಿ ಅಂದ್ರೆ ದೌರ್ಜನ್ಯ ಕಮ್ಮಿನೋ, ಬರ್ಕೊಂಡಿದ್ದು ಕಮ್ಮಿನೋ ಅಂತ ಬರೀ ಸಂಖ್ಯೆ ನೋಡಿ ಹೇಳೋಕಾಗಲ್ಲ. ಹೊಸ ಠಾಣೆ ಬಂದ ಮೇಲೆ ಈ ಜಿಲ್ಲೆಗಳಲ್ಲಿ ಸಂಖ್ಯೆ ಏರಬಹುದು, ಏರಿದ್ರೆ ಗಾಬರಿ ಬೀಳೋದಕ್ಕಿಂತ ಮುಚ್ಚಿದ್ದು ಹೊರಗೆ ಬರ್ತಿದೆ ಅಂತ ಓದೋದು ಸರಿ ಅನ್ಸುತ್ತೆ.

ಗುಳೆ ಹೋದಲ್ಲಿ ಎಸ್ಟಿ ಅನ್ನೋದು ಉಳಿಯುತ್ತಾ

ಲಿಂಗಸುಗೂರು, ದೇವದುರ್ಗ, ಕುಷ್ಟಗಿ ಕಡೆಯಿಂದ ಪುಣೆ, ಮುಂಬಯಿ, ಹೈದರಾಬಾದ್, ಬೆಂಗಳೂರು ಅಂತ ಗುಳೆ ಹೋಗೋರು ಸಾವಿರಾರು. ಜಾತಿ ಪಟ್ಟಿ ರಾಜ್ಯಕ್ಕೊಂದು ತರ. ಇಲ್ಲಿ ಎಸ್ಟಿ ಇರೋ ವಾಲ್ಮೀಕಿಗಳ ಬಂಧುಗಳೇ ಗಡಿ ಆಚೆ ಕರ್ನೂಲು, ಅನಂತಪುರದಲ್ಲಿ ಬೋಯ ಅಂತ ಇದಾರೆ, ಅಲ್ಲಿ ಅವರು ಹಿಂದುಳಿದ ವರ್ಗ. ಇಲ್ಲಿ ಎಸ್ಸಿ ಇರೋ ಲಂಬಾಣಿ ತೆಲಂಗಾಣದಲ್ಲಿ ಎಸ್ಟಿ. ಹಂಗಾದ್ರೆ ಪುಣೆಲಿ ಕಟ್ಟಡದ ಕೆಲ್ಸಕ್ಕೆ ಹೋದ ರಾಯಚೂರಿನ ಹೆಣ್ಮಗಳಿಗೆ ಅಲ್ಲಿ ದೌರ್ಜನ್ಯ ಕಾಯ್ದೆ ಸಿಗುತ್ತಾ? 2023ರಲ್ಲಿ ಬಾಂಬೆ ಹೈಕೋರ್ಟಿನ ಪೂರ್ಣ ಪೀಠ ಸಿಗುತ್ತೆ ಅಂತ ಹೇಳ್ತು, ಮೀಸಲಾತಿ ರಾಜ್ಯಕ್ಕೆ ಸೀಮಿತ ಇರ್ಬಹುದು, ಈ ಕಾಯ್ದೆಯ ರಕ್ಷಣೆ ಗಡಿ ದಾಟಿದ್ರೂ ಹೋಗಲ್ಲ ಅಂತ. ಗುಳೆ ಮಂದಿಗೆ ಇದಕ್ಕಿಂತ ದೊಡ್ಡ ತೀರ್ಪು ಇಲ್ಲ, ಆದ್ರೆ ಜಾತಿ ಸರ್ಟಿಫಿಕೇಟಿನ ಒಂದು ಪ್ರತಿ ಕೈಲಿ ಇರ್ಬೇಕು, ಅದು ಊರಲ್ಲಿ ಟ್ರಂಕಿನೊಳಗೆ ಇದ್ರೆ ಅಲ್ಲಿ ಕೆಲ್ಸಕ್ಕೆ ಬರಲ್ಲ.

ಗುಳೆ ಹೋದ ಹುಡುಗಿ ಕಾಣೆಯಾದ್ರೆ ಇನ್ನೂ ಕಷ್ಟ. "ಯಾರ ಜೋಡಿನೋ ಓಡಿ ಹೋಗ್ಯಾಳ" ಅಂತ ಮಿಸ್ಸಿಂಗ್ ಕಂಪ್ಲೇಂಟನ್ನೇ ಹಗುರ ಮಾಡ್ತಾರೆ. ಕೆನಡಾದಲ್ಲೂ ಮೂಲನಿವಾಸಿ ಹೆಣ್ಮಕ್ಳ ವಿಷ್ಯದಲ್ಲಿ ವರ್ಷಗಟ್ಲೆ ಹಿಂಗೇ ಆಯ್ತು. 2014ರಲ್ಲಿ ಅಲ್ಲಿನ ಪೊಲೀಸರೇ ಕುಂತು ಎಣಿಸಿದಾಗ 1980ರಿಂದ 2012ರ ತನಕ ಕೊಲೆಯಾದ, ಕಾಣೆಯಾದ ಹೆಣ್ಮಕ್ಳು 1,181 ಅಂತ ಲೆಕ್ಕ ಸಿಕ್ತು, 2019ರಲ್ಲಿ ರಾಷ್ಟ್ರೀಯ ವಿಚಾರಣಾ ಆಯೋಗ 231 ಅಂಶದ ವರದಿ ಕೊಡ್ತು. ಎಣಿಸೋಕೆ ಶುರು ಮಾಡಿದ ಮೇಲೇನೇ ದೇಶಕ್ಕೆ ಅದು ಕಾಣಿಸಿದ್ದು. ಈ ಜಿಲ್ಲೆಗಳಿಂದ ಗುಳೆ ಹೋಗಿ ವಾಪಸ್ ಬರದ ಹೆಣ್ಮಕ್ಳನ್ನ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಎಣಿಸೋದು ಕಷ್ಟದ ಕೆಲ್ಸ ಅಲ್ಲ, ಯಾರು ಯಾವ ಮೇಸ್ತ್ರಿ ಜೊತೆ ಎಲ್ಲಿಗೆ ಹೋದ್ರು ಅಂತ ಒಂದು ರಿಜಿಸ್ಟರ್ ಸಾಕು.

ಹೊಸ ಠಾಣೆಯಿಂದ ಆಗೋದೇನು, ಆಗದೇ ಇರೋದೇನು

ಒಳ್ಳೇದು ಇದೆ. ಊರಿನ ಠಾಣೆ ಮೇಲೆ ಊರಿನ ದೊಡ್ಡೋರ ಒತ್ತಡ ಬೀಳೋ ಹಂಗೆ ಜಿಲ್ಲಾ ಕೇಂದ್ರದ ಠಾಣೆ ಮೇಲೆ ಬೀಳಲ್ಲ. ತನಿಖೆ 60 ದಿನದಲ್ಲಿ ಮುಗೀಬೇಕು ಅನ್ನೋ ನಿಯಮ ಪಾಲಿಸೋಕೆ ಬೇರೆ ಬಂದೋಬಸ್ತ್ ಕೆಲ್ಸ ಇಲ್ಲದ ಪೊಲೀಸರು ಬೇಕಿತ್ತು. ಆದ್ರೆ ಚಾರ್ಜ್‌ಶೀಟ್ ಆದ್ಮೇಲೆ ಎರಡು ತಿಂಗಳಲ್ಲಿ ವಿಚಾರಣೆ ಮುಗೀಬೇಕು ಅಂತ ಕಾಯ್ದೆ ಹೇಳಿದ್ರೂ ಕೋರ್ಟಿನ ವೇಗ ಎಲ್ರಿಗೂ ಗೊತ್ತು. ಗಂಗಾವತಿ ತಾಲೂಕಿನ ಮರಕುಂಬಿಲಿ ದಲಿತರ ಮೇಲೆ 2014ರಲ್ಲಿ ಆದ ದಾಳಿಗೆ ಕೊಪ್ಪಳ ಕೋರ್ಟ್ 98 ಮಂದಿಗೆ ಜೀವಾವಧಿ ಕೊಟ್ಟದ್ದು 2024ರ ಅಕ್ಟೋಬರಲ್ಲಿ, ಆಮೇಲೆ ಹೈಕೋರ್ಟಿಂದ ಜಾಮೀನೂ ಸಿಕ್ತು. ಹತ್ತು ವರ್ಷ ಕಾಯೋದಂದ್ರೆ ಆ ಹತ್ತು ವರ್ಷವೂ ಅದೇ ಊರಲ್ಲೇ ಕೂಲಿ ಹುಡುಕ್ಬೇಕು.

ಈ ಮಧ್ಯದ ದಿನಗಳಿಗೆ ಕಾಯ್ದೆಲಿ ಇರೋ ಅನುಕೂಲಗಳನ್ನ ಯಾರೂ ಹೇಳ್ಕೊಡಲ್ಲ. ಕೋರ್ಟಿಗೆ ಬರೋ ದಿನದ ಬಸ್ ಚಾರ್ಜು, ಕೂಲಿ ಕೊಡ್ಬೇಕು, ಹೆಣ್ಮಗಳ ಜೊತೆ ಬರೋರಿಗೂ ಕೊಡ್ಬೇಕು. 15ಎ ಸೆಕ್ಷನ್ ಪ್ರಕಾರ ಆರೋಪಿಯ ಜಾಮೀನು ಅರ್ಜಿ ಬಂದಾಗ ಆಕೆಗೆ ತಿಳಿಸ್ಬೇಕು, ಆಕೆ ಮಾತೂ ಕೇಳ್ಬೇಕು. ಅತ್ಯಾಚಾರಕ್ಕೆ ಪರಿಹಾರ ಐದು ಲಕ್ಷ, ಅರ್ಧ ವೈದ್ಯಕೀಯ ವರದಿ ಆದ್ಮೇಲೆ, ಕಾಲು ಭಾಗ ಚಾರ್ಜ್‌ಶೀಟಿಗೆ, ಉಳಿದದ್ದು ವಿಚಾರಣೆ ಮುಗಿದ ಮೇಲೆ. ಮೊದಲ ಕಂತು ಏಳು ದಿನದಲ್ಲಿ ಬರ್ಬೇಕು ಅಂತ ನಿಯಮ ಇರೋದಕ್ಕೆ ಅರ್ಥ ಇದೆ. ಆ ರೊಕ್ಕ ಬೇಗ ಬಂದ್ರೆ ಮುಂಗಡ ತೀರಿಸಿ ಹಂಗಿಂದ ಹೊರಗೆ ಬರ್ಬಹುದು, ಆರು ತಿಂಗಳಾದ್ಮೇಲೆ ಬಂದ್ರೆ ಅಷ್ಟೊತ್ತಿಗೆ ಆರೋಪಿ ಕಡೆಯವರ ರೊಕ್ಕ ಮನೆ ಸೇರಿರುತ್ತೆ, ಸಾಕ್ಷಿನೂ ತಿರುಗಿರುತ್ತೆ. ಕರ್ತವ್ಯ ಬಿಟ್ಟ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷ ಜೈಲು ಅಂತ 4ನೇ ಸೆಕ್ಷನ್ ಇದೆ, ಅದನ್ನ ಹಿಡಿದು ಕೇಳೋರು ಬೇಕು.

ತಡೆಯೋದು ಅಂದ್ರೆ

ತಡೆಯೋ ಮಾತು ಬಂದಾಗ ಸಿಸಿಟಿವಿ, ಬೀದಿ ದೀಪ ಅಂತಾರೆ, ಅವೂ ಬೇಕು, ಬಯಲಿಗೆ ಹೋಗೋ ಊರಲ್ಲಿ ಶೌಚಾಲಯಕ್ಕೆ ನೀರು ಅದಕ್ಕಿಂತ ಮೊದ್ಲು ಬೇಕು. ಆದ್ರೆ ಮೇಲೆ ಹೇಳಿದ ಕೂಲಿ, ಸಾಲ, ಹುಲ್ಲು, ನೀರು ಈ ನಾಲ್ಕು ಗಂಟಲ್ಲಿ ಒಂದೆರಡಾದ್ರೂ ಬಿಚ್ಚದೆ ದೌರ್ಜನ್ಯ ನಿಲ್ಲಲ್ಲ ಅಂತಾನೇ ನನಗನ್ಸೋದು. ಸಂಘದ ಸಾಲ ಆಸ್ಪತ್ರೆ ಖರ್ಚಿಗೂ ಸಿಗ್ಬೇಕು, ಈಗ ಎಮ್ಮೆಗೆ ಸಿಗುತ್ತೆ, ಹೆರಿಗೆಗೆ ಸಿಗಲ್ಲ, ಅದಕ್ಕೇ ಮೇಸ್ತ್ರಿ ಹತ್ರ ಹೋಗ್ತಾರೆ. ನಾಟಿ ಇಲ್ಲದ ತಿಂಗಳಲ್ಲಿ ಉದ್ಯೋಗ ಖಾತ್ರಿ ಕೆಲ್ಸ ಅರ್ಜಿ ಕೊಟ್ಟ ವಾರದಲ್ಲೇ ಸಿಗ್ಬೇಕು. ಮಹಿಳಾ ಸಮಾಖ್ಯ ಅನ್ನೋ ಸರ್ಕಾರಿ ಕಾರ್ಯಕ್ರಮ 1989ರಲ್ಲಿ ಶುರುವಾಗಿ ಈ ಜಿಲ್ಲೆಗಳಿಗೂ ಬಂದಾಗ ಊರಿನ ಹೆಣ್ಮಕ್ಳು ಸಂಘ ಕಟ್ಕೊಂಡು ಇಂಥ ವಿಷ್ಯ ತಾವೇ ಕುಂತು ಮಾತಾಡೋಕೆ ಕಲ್ತಿದ್ರು, ಠಾಣೆಗೆ ಹತ್ತು ಮಂದಿ ಒಟ್ಟಿಗೆ ಹೋಗೋ ರೂಢಿ ಇತ್ತು. ಒಬ್ಬಳೇ ಹೋದ್ರೆ ವಾಪಸ್ ಕಳ್ಸೋ ಠಾಣೆ ಹತ್ತು ಮಂದಿ ಹೋದ್ರೆ ಕುರ್ಚಿ ಹಾಕುತ್ತೆ.

ಕೂಲಿ ಹೆಣ್ಮಕ್ಳಿಗೆ ಇನ್ನೊಂದು ಬಾಗಿಲು ಇದೆ, ಬಹುತೇಕ ಮುಚ್ಚೇ ಇರುತ್ತೆ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಪ್ರಕಾರ ಹತ್ತು ಜನಕ್ಕಿಂತ ಕಮ್ಮಿ ಕೆಲ್ಸ ಮಾಡೋ ಜಾಗಕ್ಕೂ, ಮಾಲೀಕನ ಮೇಲೇ ದೂರು ಇದ್ದಾಗಲೂ ಜಿಲ್ಲೆಗೊಂದು ಸ್ಥಳೀಯ ಸಮಿತಿ ಇರ್ಬೇಕು, ತಾಲೂಕಿಗೊಬ್ಬ ನೋಡಲ್ ಅಧಿಕಾರಿ ದೂರು ತಗೋಬೇಕು. ಬದುವಿನ ಮೇಲಿನ ಆ ಮೊದಲ ಹೊಲಸು ಮಾತು, ಯಾರೂ ಬರ್ದಿಡದ ಮಾತು ಅಂತ ಅಂದ್ನಲ್ಲ, ಅದನ್ನ ಬರ್ದಿಡೋ ಜಾಗ ಇದು. ಜಿಲ್ಲಾಧಿಕಾರಿ ಅಧ್ಯಕ್ಷತೆಲಿ ಮೂರು ತಿಂಗಳಿಗೊಮ್ಮೆ ದೌರ್ಜನ್ಯ ತಡೆ ಜಾಗೃತಿ ಸಮಿತಿ ಸಭೆ ನಡೀಬೇಕು, ಆ ಸಭೆಲಿ ಕೇಳಬೇಕಾದ್ದು ಎಷ್ಟು ಕೇಸು ಆಯ್ತು ಅಂತಷ್ಟೇ ಅಲ್ಲ, ಎಷ್ಟು ಮಂದಿಗೆ ಏಳು ದಿನದಲ್ಲಿ ರೊಕ್ಕ ಸೇರ್ತು, ಎಷ್ಟು ಕೇಸಲ್ಲಿ ಸಾಕ್ಷಿ ತಿರುಗಿ ಬಿತ್ತು, ತಿರುಗಿ ಬಿದ್ದವರು ಯಾರ ಹೊಲದಲ್ಲಿ ಕೂಲಿ ಮಾಡ್ತಿದ್ರು ಅಂತ.

ದೌರ್ಜನ್ಯದ ರಾಷ್ಟ್ರೀಯ ಸಹಾಯವಾಣಿ 14566, ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098. ಮುಂಗಾರಲ್ಲಿ ಕಾಲುವೆಗೆ ನೀರು ಬಿಡೋ ಮುಂಚೆ, ಮೇಸ್ತ್ರಿಗಳು ಮುಂಗಡ ಹಂಚೋಕೆ ಓಣಿಗೆ ಬರೋ ಮುಂಚೆ, ಈ ನಾಲ್ಕು ನಂಬರು, ತಾಲೂಕಿನ ನೋಡಲ್ ಅಧಿಕಾರಿ ಹೆಸರು, ಬಟ್ಟೆ ಒಗೀಬೇಡಿ ಅನ್ನೋ ಒಂದು ಸಾಲು, ಇಷ್ಟನ್ನ ಟಂಟಂ ನಿಲ್ಲೋ ಜಾಗದ ಗೋಡೆ ಮೇಲೆ ದೊಡ್ಡಕ್ಷರದಲ್ಲಿ ಬರೆಸೋಕೆ ಒಂದು ಗ್ರಾಮ ಪಂಚಾಯ್ತಿಗೆ ಒಂದು ಡಬ್ಬಿ ಬಣ್ಣ ಸಾಕು.